ಹದ

ನವೆಂಬರಿನ ಬೆಳಿಗ್ಗೆ ಆರೂವರೆಗೆ
ಆರ್ಕನ್ಸಾದ ಈ ಊರಲ್ಲಿ ಮೊದಲು ಏಳುವುದು ಹಬೆ.
ಅಂಗಡಿಗಳ ಷಟರು ಇನ್ನೂ ಮೇಲೆದ್ದಿಲ್ಲ.
ಮ್ಯಾಗ್ನೋಲಿಯಾದ ದಪ್ಪ ಎಲೆಗಳ ಮೇಲೆ
ಯಾವುದೋ ಕಾರಿನ ಬೆಳಕು ಜಾರಿ ಹೋಗುತ್ತದೆ.
ಗುಡ್ಡದ ಬುಡದ ಕಲ್ಲುಸಂದಿಯಲ್ಲಿ ಮಾತ್ರ,
ಒಳಗೆ ಯಾರೋ ಒಲೆ ಹಚ್ಚಿಟ್ಟು ಮರೆತ ಹಾಗೆ,
ಬಿಳಿ ಉಸಿರು.

ನಾನು ಬಂದದ್ದು ಮೊಣಕಾಲಿಗಾಗಿ.
ಎಡದ್ದು. ಮೆಟ್ಟಿಲು ಕಂಡರೆ ಮುನಿಸಿಕೊಳ್ಳುವಂಥದ್ದು.
ಬಸ್ಸಿನಲ್ಲಿ ಪಕ್ಕ ಕೂತವನು ಹೇಳಿದ್ದ:
ನೀರಿನಿಂದ ಏನೂ ಆಗಲ್ಲ, ಆದರೂ ಹೋಗಿ ಬನ್ನಿ.

ರಸ್ತೆಗೆ ಮುಖ ಮಾಡಿ ಕೂತ ಸ್ನಾನಗೃಹಗಳ ಸಾಲು.
ಒಂದಕ್ಕೆ ಗುಮ್ಮಟ, ಒಂದಕ್ಕೆ ಬಣ್ಣದ ಗಾಜು,
ಒಂದು ಈಗ ಬಿಯರು ಮಾರುತ್ತದೆ.
ಇನ್ನೊಂದು ಮ್ಯೂಸಿಯಂ. ಹಗ್ಗದಾಚೆ
ಬಿಳಿ ತೊಟ್ಟಿ, ಹಿತ್ತಾಳೆ ನಲ್ಲಿ,
ಯಾರೂ ಮಲಗದ ಉದ್ದ ಬೆಂಚು.
ಗೋಡೆಯ ಫೋಟೋದಲ್ಲಿ ಟವೆಲು ಸುತ್ತಿಕೊಂಡು ನಗುವ ಬಿಳಿಯರು.
ಅವರ ಹಿಂದೆ ಎರಡು ಕಪ್ಪು ಕೈ, ಮಡಿಸಿದ ತೋಳು;
ಫೋಟೋದ ಅಂಚು ಅವಕ್ಕೆ
ತಲೆಯನ್ನು ಬಿಟ್ಟುಕೊಟ್ಟಿಲ್ಲ.

ಬೀದಿಯ ತುದಿಯಲ್ಲಿ ಬಿಟ್ಟಿ ನಲ್ಲಿ.
ಅಲ್ಲಿ ವರ್ಲೀನ್ ಟೇಟಮ್, ಎಪ್ಪತ್ತೊಂಬತ್ತು ವರ್ಷ,
ಪಿಕಪ್ ಗಾಡಿಯ ತುಂಬ ಖಾಲಿ ಕ್ಯಾನು.
“ಹಿಡೀರಿ ಇದನ್ನ,” ಅಂದರು, ಪರಿಚಯಕ್ಕೂ ಮುಂಚೆ.
ಹಿಡಿದೆ. ಪ್ಲಾಸ್ಟಿಕ್ಕು ಬಿಸಿಗೆ ಮೆತ್ತಗಾಗಿ
ಹಾಲು ಕುಡಿದ ಕೂಸಿನ ಹೊಟ್ಟೆಯ ಹಾಗೆ ಉಬ್ಬಿತು.
ನೀರು ತುಂಬುವ ಹಬ್ಬದ ಸಂಜೆ, ತಿಕ್ಕಿ ತೊಳೆದ ಹಂಡೆ,
ಕೊರಳಿಗೆ ಹಿಂಡಲೆ ಬಳ್ಳಿ...
ಹೇಳಬೇಕೆಂದುಕೊಂಡೆ. ಅವರಾಗಲೇ ಮಾತಾಡುತ್ತಿದ್ದರು:

“ನಮ್ಮಜ್ಜ ಓಸಿ, ಆ ಮೂರನೆಯದರಲ್ಲಿ ಮೂವತ್ತೊಂದು ವರ್ಷ.
ದಿನಕ್ಕೆ ಹದಿನೆಂಟು ಮೈ ಉಜ್ಜುತ್ತಿದ್ದ.
ಜಡ್ಜುಗಳ ಬೆನ್ನು, ಬೇಸ್‌ಬಾಲಿನವರ ಭುಜ.
ಚಿಕಾಗೋದವನೊಬ್ಬ ಬರುತ್ತಿದ್ದನಂತೆ,
ತೊಟ್ಟಿಗಿಳಿದರೂ ಟೋಪಿ ತೆಗೆಯದವನು.
ಥರ್ಮಾಮೀಟರು ಇತ್ತು, ಅಜ್ಜ ಅದನ್ನ ನಂಬುತ್ತಿರಲಿಲ್ಲ.
ಮೊಣಕೈ ಅದ್ದುತ್ತಿದ್ದ. ಹೀಗೆ.”
ಗಾಳಿಯಲ್ಲಿ ಅದ್ದಿ ತೋರಿಸಿದರು.

“ಆ ತೊಟ್ಟಿಯಲ್ಲಿ ಅವರೂ ಎಂದಾದರೂ ಮಿಂದರೇ?”

ಕ್ಯಾನಿನ ಮುಚ್ಚಳ ತಿರುಗಿಸಿದರು,
ಬಿಗಿಯಾದ ಮೇಲೂ ಇನ್ನೊಂದು ಸುತ್ತು.
“ಮೊಣಕೈ ಮಿಂದಿತು,” ಅಂದರು.

ಸ್ನಾನಗೃಹಗಳ ಬೆನ್ನಿಗೆ ಇಟ್ಟಿಗೆ ಹಾಸಿದ ದಾರಿ,
ಅದು ಮುಗಿದಲ್ಲಿ ಕಾಡು.
ಓಕಿನ ತರಗೆಲೆ ಕಾಲಡಿ ಹಪ್ಪಳ.
ಹತ್ತು ಹೆಜ್ಜೆಗೊಮ್ಮೆ ಮೊಣಕಾಲು ತನ್ನ ಅಹವಾಲು ಹೇಳಿತು.
ಕಾಯಿ ಬಚ್ಚಿಟ್ಟ ಜಾಗ ಮರೆತ ಅಳಿಲೊಂದು
ನಾನೇ ಕದ್ದೆನೆಂಬಂತೆ ದುರುಗುಟ್ಟಿತು.
ತಿರುವಿನಲ್ಲಿ ಫಲಕ:
ಕೆಳಗೆ ಉಕ್ಕುವ ಈ ನೀರು
ನಾಲ್ಕು ಸಾವಿರ ವರ್ಷದ ಹಿಂದೆ ಬಿದ್ದ ಮಳೆ.
ಇಂಗಿ, ಇಳಿದು, ನೆಲದ ಬಿಸಿ ತಾಗಿ, ಮರಳಿದ್ದು.

ಬಂಡೆಯ ಮೇಲೆ ಕೂತೆ, ಲೆಕ್ಕ ಹಾಕಿದೆ.
ಓಸಿ ಬೆರೆಸಿ ಕೊಟ್ಟ ನೀರು ಬಿದ್ದ ದಿನ
ಈ ಊರಿಗೆ ಮುಂಬಾಗಿಲು ಇರಲಿಲ್ಲ,
ಹಾಗಾಗಿ ಹಿಂಬಾಗಿಲೂ.
ಈಗ ನನ್ನ ಕೊಡೆಯ ಮೇಲೆ ಹನಿಯುತ್ತಿರುವುದು?
ಯಾರ ತೊಟ್ಟಿಗೋ ಹೊರಟಿದೆ. ಅವಸರವಿಲ್ಲ.

ಮಧ್ಯಾಹ್ನ ಎರಡಕ್ಕೆ ನನ್ನ ಸರದಿ.
ಟ್ರೆನೀಸ್ ಎಂಬ ಹುಡುಗಿ, ಒಂದೇ ಕಿವಿಗೆ ಓಲೆ,
ತೊಟ್ಟಿ ತುಂಬಿಸಿ, ಗೋಡೆಯ ಕೆಂಪು ಅಂಕಿ ಓದಿ,
“ಸರಿಯಾಗಿದೆ, ಇಳಿಯಿರಿ,” ಅಂದಳು.
ಇಳಿಯುವ ಮೊದಲು ಬಗ್ಗಿ ಮೊಣಕೈ ಅದ್ದಿದೆ.
“ಅದೇನದು?”
“ಹದ ನೋಡುವುದು.”
ಅವಳು ಅಂಕಿ ನೋಡಿದಳು, ನನ್ನ ಕೈ ನೋಡಿದಳು,
ತೋಳು ಮಡಿಸಿ ತಾನೂ ಅದ್ದಿದಳು,
ಅಷ್ಟು ಹೊತ್ತು ಯಾಕೆ ಬೇಕಿತ್ತೋ.
“ಚೂರು ತಣ್ಣೀರು ಬಿಡ್ತೀನಿ,” ಅಂದಳು.

ಇಪ್ಪತ್ತು ನಿಮಿಷ, ಅಷ್ಟೆ.
ಹೊರಗಿನ ಮೆಟ್ಟಿಲು ಹನ್ನೊಂದು,
ಎಡಗಾಲಿಗೆ ಹನ್ನೊಂದೂ ಗೊತ್ತಾಯಿತು.
ಮೊಣಕಾಲಿಗೆ ಏನೂ ಆಗಿರಲಿಲ್ಲ.
ಮೊಣಕೈ ಮಾತ್ರ
ಮೆಂಫಿಸ್ಸಿನ ಬಸ್ಸು ಬರುವವರೆಗೂ ಬೆಚ್ಚಗಿತ್ತು.