ಬರೆಯ ತುದಿಯ ಜೆಟ್

ಹತ್ತು ನಿಮಿಷ ನೋಡೋಣ, ಅಂದರು ಮೇದಪ್ಪ ಸರ್.
ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆ ಹೊದಿಸಿ
ಗ್ಲೌಸಿನ ಕೈ ಎದೆಗೆ ಕಟ್ಟಿ ನಿಂತರು.
ಮಡಿಕೇರಿಯಲ್ಲಿ ಆಗ ರಾತ್ರಿ ಎರಡೂ ಇಪ್ಪತ್ತು.

ಕರುಳು ಅಂದರೆ ನಮ್ಮ ಮಾತಿನಲ್ಲಿ ಮಮತೆ.
ಇಲ್ಲಿ, ದೀಪದ ಕೆಳಗೆ, ಅದೊಂದು ಒದ್ದೆ ಹಗ್ಗ:
ಒಂದೂವರೆ ಮಾರು ಕೆಂಪು, ಆಮೇಲೆ ನೇರಳೆ,
ಆಮೇಲೆ ಹೆಸರಿಲ್ಲದ ಒಂದು ಬಣ್ಣ.
ನಾನು ತಲೆಯ ಕಡೆ ಕೂತವಳು. ನನ್ನ ಪಾಲಿನದು
ನಿದ್ದೆ, ಉಸಿರು, ರಕ್ತದ ಒತ್ತಡ.

ಮೊಯ್ದು. ಕಕ್ಕಬ್ಬೆ. ವಯಸ್ಸು ಐವತ್ತೆಂಟು.
ಎಸ್ಟೇಟಿನಲ್ಲಿ ಸ್ಪ್ರಿಂಕ್ಲರ್ ಪೈಪು ಜೋಡಿಸುವವನು.
ಮೂರು ತಿಂಗಳಿಂದ ಉಂಡ ಅರ್ಧ ಗಂಟೆಗೆ ಸರಿಯಾಗಿ ನೋವು.
"ನೋಂಬಿನ ಹಗಲು ಹಾಯಾಗಿರ್ತಿತ್ತು ಡಾಕ್ಟ್ರೇ,
ಬಾಂಗ್ ಕೂಗಿದಾಗಲೇ ಎದೆ ನಡುಗೋದು"
ಅಂದಿದ್ದ, ಮಾಸ್ಕ್ ಇಡುವ ಮೊದಲು, ನಗಲು ನೋಡಿ.
ಅವನ ಶರ್ಟಿನ ಜೇಬಿನಲ್ಲಿ ಸಿಸ್ಟರ್ ಜೆಸಿಂತಾಗೆ ಸಿಕ್ಕಿದ್ದು
ಒಂದು ರಬ್ಬರ್ ವಾಷರ್, ಮೂರು ಒಣಗಿದ ಖರ್ಜೂರ:
ಮೂರು ಸಂಜೆ ಹೆಂಡತಿಗೆ ಹೇಳಿದ ಸುಳ್ಳು.

ಪೈಪಿನ ವಿಷಯವನ್ನೂ ಹೇಳಿದ್ದ.
ಕೆರೆ ಕೆಳಗೆ, ತೋಟ ಮೇಲೆ. ಪಂಪು ಸೋತರೆ
ಮೊದಲು ಸಾಯೋದು ಬರೆಯ ತುದಿಯ ಜೆಟ್.
ತಿರುಗೋದು ನಿಲ್ಲುತ್ತೆ. ಬರೀ ತೊಟ್ಟಿಕ್ಕುತ್ತೆ.

ದೇಹದ್ದೂ ಅದೇ ಲೆಕ್ಕ. ಕೊರತೆ ಬಂದಾಗ
ಮಿದುಳಿಗೆ ಮೊದಲು, ಹೃದಯಕ್ಕೆ ಮೊದಲು;
ಕರುಳಿನ ವಾಲ್ವನ್ನು ಸದ್ದಿಲ್ಲದೆ ತಿರುಗಿಸಿಬಿಡುತ್ತದೆ.
ನನ್ನ ಸಿರಿಂಜಿನ ಔಷಧಿಯೂ ಸಾಚಾ ಅಲ್ಲ:
ಪರದೆಯಲ್ಲಿ ಅಂಕಿ ಏರಿಸುತ್ತದೆ,
ತುದಿಯಲ್ಲಿ ಇನ್ನಷ್ಟು ಬಿಗಿಯುತ್ತದೆ.
ಸ್ವಲ್ಪ ಇಳಿಸಿದೆ. ಅಂಕಿ ಜಾರಿತು.
ಅರ್ಧದಷ್ಟು ಮತ್ತೆ ಏರಿಸಿದೆ.

ಕರುಳಿನ ಆ ಕೊನೆಯ ಮಾರುಗಳಲ್ಲಿ, ಒಳಗೋಡೆಯಲ್ಲಿ,
ಅಲ್ಲೊಂದು ಇಲ್ಲೊಂದು ಜೀವಕೋಶ ಕಾದು ಕೂತಿರುತ್ತದೆ.
ಗಂಜಿಯ ತಿಳಿ ತಾಕಿದರೆ ಸಾಕು,
ರಕ್ತಕ್ಕೆ ಬಿಡುತ್ತದೆ ಮೂವತ್ತಮೂರು ಮಣಿಯ ಒಂದು ಸರ.
ಹಾರ್ಮೋನು ಅನ್ನುತ್ತೇವೆ. ನಿಮಿಷಗಳಲ್ಲಿ ಕರಗುವಂಥದ್ದು.
ಅಷ್ಟರೊಳಗೆ ಸುದ್ದಿ ಮುಟ್ಟಿಸಬೇಕು:
ಉಣ್ಣಲು ಕೂತಿದ್ದಾರೆ, ದಾರಿ ಅಗಲ ಮಾಡಿ.
ಮಾಡುತ್ತವೆ ನಾಳಗಳು.

ಇಲಿಗಳಲ್ಲಿ ನೋಡಿದ್ದಾರೆ. ನಾಳ ಹಿಸುಕಿ ಹಿಡಿದು, ಬಿಟ್ಟು.
ಆ ಸರ ಚುಚ್ಚಿಸಿಕೊಂಡ ಇಲಿಗಳ ಕರುಳಿನಲ್ಲಿ
ಅನ್ನ ಹೀರುವ ಸಣ್ಣ ಸಣ್ಣ ಬೆರಳುಗಳು
ಹೆಚ್ಚು ಉಳಿದುಕೊಂಡವು.
ಇಲಿಗಳಲ್ಲಿ.
ನನ್ನ ಟ್ರೇಯಲ್ಲಿ ಅದಿಲ್ಲ. "ಇರಬಹುದು" ಎಂಬ ಮಾತನ್ನು
ಸಿರಿಂಜಿಗೆ ಎಳೆದುಕೊಳ್ಳಲು ಬರುವುದಿಲ್ಲ.
ಆದರೂ ಆ ಹೊತ್ತಿನಲ್ಲಿ ತಲೆ ಅದನ್ನೇ ಅಗಿಯುತ್ತಿತ್ತು:
ನೋವಿಗೆ ಹೆದರಿ ಇವನು ಉಣ್ಣಲಿಲ್ಲ,
ಉಣ್ಣದ್ದರಿಂದ ಒಳಗಿನವರು ಬಾಯಿಬಿಡಲಿಲ್ಲ,
ಬರಡು ತುದಿಗೆ ಯಾರೂ ನೀರು ಕೇಳಲಿಲ್ಲ.

ನೀರು ಬಂದರೂ ಗಂಡಾಂತರವೇ. ವಾಲ್ವು ಒಮ್ಮೆಗೇ ತೆರೆದರೆ
ಪೈಪು ಹಾವಿನ ಹಾಗೆ ಎದ್ದು ಬಡಿಯುತ್ತದಂತೆ.
ಹೆಪ್ಪು ತೆಗೆದ ಮೇಲೆ ಮೇದಪ್ಪ ಸರ್
ಹಿಡಿತ ಸಡಿಲಿಸಿದ್ದೂ ಹಾಗೆ, ಕೂದಲೆಳೆ ಕೂದಲೆಳೆಯಾಗಿ,
ಮೊಯ್ದುವಿನಿಂದ ಕಲಿತವರಂತೆ.

ಎರಡೂ ಮೂವತ್ತೊಂದು. ಬಟ್ಟೆ ಎತ್ತಿದರು.
ನೇರಳೆ ಮಸುಕಾಗಿ ಗುಲಾಬಿಗೆ ತಿರುಗಿತ್ತು, ಎಲ್ಲ ಕಡೆ ಅಲ್ಲ.
ಬೆರಳಲ್ಲಿ ತಟ್ಟಿದರೆ ಒಂದು ಅಲೆ, ಸೋಮಾರಿ ಅಲೆ, ಹರಿದು ಹೋಯಿತು.
ಒಂದು ಮೊಳ ಉಳಿಯಲಿಲ್ಲ. ಕತ್ತರಿಸಿ ಹೊಲಿದರು.
ಯಾರೂ ಮಾತಾಡಲಿಲ್ಲ; ಜೆಸಿಂತಾ ಬಟ್ಟೆ ಎಣಿಸಿದಳು.

ಐದನೇ ದಿನ, ನಬೀಸಾ ಫ್ಲಾಸ್ಕಿನಿಂದ ಬಗ್ಗಿಸಿದ ಗಂಜಿ,
ಜೀರಿಗೆಯ ವಾಸನೆ ಹೊತ್ತ ಬಿಳಿ ತಿಳಿ.
ಚಮಚ ತುಟಿಯವರೆಗೆ ಬಂದು ನಿಂತಿತು.
ಅವನು ನನ್ನನ್ನು ನೋಡಿದ. ನಾನು ಗಡಿಯಾರ ನೋಡಿದೆ.
ನುಂಗಿದ.
ಅರ್ಧ ಗಂಟೆ ಮೂವರೂ ಅಲ್ಲೇ ಇದ್ದೆವು,
ಯಾರಿಗೂ ಬೇರೆ ಕೆಲಸವೇ ಇಲ್ಲದವರ ಹಾಗೆ.
ಇಪ್ಪತ್ತೆಂಟನೇ ನಿಮಿಷಕ್ಕೆ ಮೊಯ್ದು ಹೆಂಡತಿಗೆ ಕೇಳಿದ:
ಮೇಲಿನ ಬರೆಗೆ ನೀರು ಬಿಟ್ಟರಾ?