ಟಾರ್ಚಿನವಳ ಲೆಕ್ಕ

ಮಾಂಟೆವಿಡಿಯೊದ ಹಳೇ ಟಾಕೀಸಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಟಿಕೆಟ್ಟು ಹರಿಯುತ್ತೇನೆ.
ಅರ್ಧ ಅವರ ಕೈಗೆ, ಅರ್ಧ ಡಬ್ಬಿಗೆ.
ಕತ್ತಲಾದ ಮೇಲೆ ಗೋಡೆಗೊರಗಿ ನಿಂತು
ನಮ್ಮಂಥವರು ಎಷ್ಟು ಸಲ ಸತ್ತರೆಂದು ಎಣಿಸುತ್ತೇನೆ.

ಕ್ಷಯಕ್ಕೆ ನಾಲ್ವರು.
ನದಿಗೆ ಹಾರಿದವರು ಒಂಬತ್ತು;
ಅದರಲ್ಲೊಬ್ಬಳಿಗೆ ಈಜು ಬರುತ್ತಿತ್ತು,
ನಿರ್ದೇಶಕರು ಮರೆತಿದ್ದರು.
ಉಳಿದುಕೊಂಡವರು ರೈಲು ಹತ್ತಿದರು,
ಯಾವನೋ ಹಲ್ಲಿನ ಡಾಕ್ಟರನ್ನು ಕಟ್ಟಿಕೊಂಡರು,
ಕಿಟಕಿಯ ಮಂಜಿನ ಮೇಲೆ ಒಂದು ಹೆಸರು ಬರೆದು
ತಾವೇ ಒರೆಸಿದರು.
ಜನ ಮೂಗೊರೆಸುತ್ತ ಹೊರಬರುತ್ತಾರೆ,
ಎಷ್ಟು ಚೆನ್ನಾಗಿತ್ತು ಅನ್ನುತ್ತಾರೆ.
ನಾನು ಸೀಟಿನಡಿಯ ಕಡಲೇಕಾಯಿ ಸಿಪ್ಪೆ ಗುಡಿಸುತ್ತೇನೆ.

ನನಗೆ ಅಳು ಬಾರದೆಂದಲ್ಲ.
ಹತ್ತೊಂಬತ್ತರಲ್ಲಿ ಅತ್ತಿದ್ದೆ, ಮೂರನೆಯ ಸಾಲಿನಲ್ಲಿ,
ಪರದೆಯ ಮೇಲೆ ಮೊದಲ ಸಲ ನನ್ನಂಥವಳನ್ನು ಕಂಡು.
ಮುಕ್ಕಾಲು ಗಂಟೆಗೆಲ್ಲ ಅವಳು ಹೋದಳು.
ಅವತ್ತು ರಾತ್ರಿ, ಸಮುದ್ರದ ಹಾಗೆ ಅಗಲವಾದ ಆ ನದಿಯ ದಂಡೆಗುಂಟ
ಒಬ್ಬಳೇ ನಡೆದೆ:
ನನ್ನ ಹಣೆಯಲ್ಲೂ ಇಷ್ಟೇ ರೀಲು ಇರಬೇಕು.

ಯಾರಾದರೂ ಕೇಳಿದರೆ ಹೇಳುತ್ತೇನೆ.
ಮುಂಗೋಪದ ಪ್ಲಂಬರ್ ಒಬ್ಬಳು ಇರಲಿ.
ಇಸ್ಪೀಟಿನಲ್ಲಿ ಮೋಸ ಮಾಡುವ ಇಬ್ಬರು ಮುದುಕರು
ಗೆದ್ದ ದುಡ್ಡಿಗೆ ಕಚ್ಚಾಡಿ, ಒಂದೇ ಕಂಬಳಿಯಲ್ಲಿ ಮಲಗಲಿ.
ಬ್ಯಾಂಕು ದೋಚಿದವಳು ಸಿಕ್ಕಿಬೀಳದಿರಲಿ,
ಅವಳ ಗೆಳತಿ ಪಾಲಿಗೆ ಕಾಯುತ್ತಿರಲಿ.
ಮೀನಂಗಡಿಯ ರೋಸೌರಾ,
ಅಪ್ಪ ಇಟ್ಟ ಗಂಡುಹೆಸರು ಬಿಟ್ಟು ಬಂದವಳು,
ಅವಳಿಗೆ ಕನ್ನಡಿ ಮುಂದೆ ಅಳುವ ದೃಶ್ಯ ಬೇಡ,
ತಕ್ಕಡಿ ಮುಂದೆ ಗಿರಾಕಿಯನ್ನು ಬೈಯುವುದು ಕೊಡಿ;
ಅದರಲ್ಲಿ ಅವಳನ್ನು ಮೀರಿಸುವವರಿಲ್ಲ.
ಮಗ ಬೆವರುತ್ತ ವಿಷಯ ಹೇಳಿದಾಗ ಅಪ್ಪ
ಗೊತ್ತಿತ್ತು, ಉಪ್ಪು ಕೊಡು ಇತ್ತ, ಅನ್ನಲಿ.
ಬೇಜಾರಿನ ಸಿನಿಮಾ ಆದರೂ ಸರಿ.
ನಮ್ಮವೂ ಒಂದಿಷ್ಟು ಕೆಟ್ಟ ಸಿನಿಮಾ ಬರಲಿ,
ಜನ ಅರ್ಧಕ್ಕೇ ಎದ್ದು ಹೋಗಲಿ,
ಟಾರ್ಚು ಬಿಟ್ಟು ದಾರಿ ತೋರಿಸುತ್ತೇನೆ.

ನಿನ್ನೆ ಕೊನೆಯ ಆಟದಲ್ಲಿ ಮತ್ತೊಬ್ಬಳು.
ಎಬ್ಬಿಸಲು ಹೋದರೆ, ಹಾಸಿಗೆಯಲ್ಲೇ ತಣ್ಣಗೆ.
ಬೀಗ ಹಾಕಿ, ಕಡೇ ಬಸ್ಸು ಹಿಡಿದು ಮನೆಗೆ ಬಂದೆ.
ಮಿರ್ತಾ ದೀಪ ಆರಿಸದೆ ಮಲಗಿದ್ದಳು,
ಕನ್ನಡಕ ಓರೆ, ಎದೆಯ ಮೇಲೆ ಕರೆಂಟು ಬಿಲ್ಲು.
ಬಿಲ್ಲು ಅಲುಗಲಿಲ್ಲ.
ದೀಪ ಉರಿಯುತ್ತಲೇ ಇತ್ತು,
ಆದರೂ ಯಾಕೋ ಟಾರ್ಚು ತೆಗೆದು
ಸೀದಾ ಮುಖಕ್ಕೇ ಬಿಟ್ಟೆ.

ನೆಲಿದಾ, ತಲೆ ಕೆಟ್ಟಿದೆಯಾ ನಿನಗೆ,
ಎಂದು ಮಗ್ಗುಲಾದಳು.
ಆಮೇಲೆ ಗೊರಕೆ.

ಬಿಲ್ಲು ಎತ್ತಿ ನೋಡಿದೆ. ಈ ತಿಂಗಳೂ ಜಾಸ್ತಿ.
ಹೀಗೆ ದೀಪ ಉರಿಸಿಕೊಂಡು ಮಲಗಿದರೆ ಬರದೆ ಇನ್ನೇನು?
ನಾಳೆ ಬೆಳಗ್ಗೆ ಇದಕ್ಕೊಂದು ಜಗಳ ಆಗಲೇಬೇಕು.