ಚಿತ್ರಕ್ಕೆ ಬಿಟ್ಟ ಜಾಗ

ಕ್ಲೇಮ್ ಫಾರ್ಮಿನ ಎರಡನೇ ಪುಟ, ಕೆಳಗಡೆ
ಅಂಗೈಯಗಲದ ಖಾಲಿ ಚೌಕ:
'ಅಪಘಾತದ ರೇಖಾಚಿತ್ರ ಬರೆಯಿರಿ.'
ಇಪ್ಪತ್ತಾರು ವರ್ಷದಿಂದ ತಿಕೋಟಾ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ನಾನು;
ಚಿತ್ರ ಕೊಡಿ ಎಂದು
ಯಾವ ಆಫೀಸೂ ಇಲ್ಲಿತನಕ ಕೇಳಿರಲಿಲ್ಲ.

ಪೆನ್ಸಿಲ್ ಕೆತ್ತಿದೆ.

ಮೊದಲು ರಸ್ತೆ. ತೊರವಿ ದಾಟಿದ ಮೇಲಿನ ಹಂಪ್,
ಬಿಳಿ ಪಟ್ಟಿ ಅಳಿಸಿಹೋಗಿ ಗೊತ್ತಿದ್ದವರಿಗಷ್ಟೇ ಕಾಣುವಂಥದ್ದು.
ಎಡಕ್ಕೆ ಪಂಕ್ಚರ್ ಅಂಗಡಿ, ಟೈರಿನ ಮೇಲೆ ಕೂತ ಕೋಳಿ.
ಆಮೇಲೆ ನನ್ನ ಕಾರು, ಇಪ್ಪತ್ತೆರಡು ದಿನದ್ದು,
ಸೀಟಿನ ಪ್ಲಾಸ್ಟಿಕ್ ಹರಿಯಲು ಹೆಂಡತಿ ಒಪ್ಪದ್ದು.
ನಾನು ಬ್ರೇಕ್ ಹಾಕಿದೆ. ಹಂಪ್ ಅಲ್ಲವೆ? ಹಾಕಬೇಕು.
ಹಿಂದೆ ಬಂದ ಮಲ್ಕಾರಿಯ ಗೂಡ್ಸ್ ಆಟೋ
ಹಾಕಲಿಲ್ಲ.

ಸಪ್ಪಳವನ್ನು ಪೆನ್ಸಿಲ್ಲಿನಲ್ಲಿ ಹೇಗೆ ತೆಗೆಯುವುದು?
ಗುದ್ದಿದ್ದಲ್ಲ. ಅದು ಡಬ್ಬ ಬಿದ್ದಂತೆ, ಒಂದೇ ಸಲ.
ಅದರ ಬೆನ್ನಿಗೇ ಬಂದದ್ದು:
ಆರುನೂರು ಕಡಕ್ ರೊಟ್ಟಿ ಒಮ್ಮೆಲೇ ಮುರಿದದ್ದು.
ಮದುವೆ ಮನೆಗೆ ಹೊರಟವು. ಒಂದು ಗಂಟು ಬಿಚ್ಚಿಕೊಂಡು
ಡಾಂಬರಿನ ತುಂಬ ಚೂರು;
ಇಡಿಯಾಗಿ ಉಳಿದ ಒಂದೇ ಒಂದು ಗಾಲಿಯಂತೆ ಉರುಳಿ
ಪಂಕ್ಚರ್ ಅಂಗಡಿಯ ಮುಂದೆ ಮಲಗಿತು.
ಕೋಳಿ ಇಳಿದು ಬಂತು.
'ಡಿಕ್ಕಿಗೇ ಡಿಕ್ಕಿ' ಎಂದು ನಕ್ಕ ಅಂಗಡಿಯವ.

ನಾನು ನನ್ನ ಬಂಪರ್ ನೋಡುತ್ತಿದ್ದೆ.
ಶಿವಗಂಗವ್ವ ತನ್ನ ಗಂಟು ನೋಡುತ್ತಿದ್ದಳು.
ಮಲ್ಕಾರಿ ಇಬ್ಬರನ್ನೂ ನೋಡದೆ ಒಂದು ಚಪ್ಪಲಿ ಹುಡುಕುತ್ತಿದ್ದ.
'ಲೈಸನ್ಸ್ ಐತೇನೋ?' 'ಮನ್ಯಾಗೈತ್ರಿ.'
'ಇನ್ಸೂರನ್ಸ್?' 'ಅದೂ ಮನ್ಯಾಗ.'
'ಮನಿ ಎಲ್ಲೈತಿ?'
ಸುಮ್ಮನಾದ.
ಆಕೆ ಒಂದು ಚೂರನ್ನು ಸೆರಗಿನಿಂದ ಒರೆಸುತ್ತ
'ನಿಮ್ದು ಕಂಪನಿ ಕೊಡತೈತ್ರೀ ಸರ. ನಂದು?' ಅಂದಳು.
ಜಗಳದ ದನಿಯಲ್ಲ,
ಸಂತೆಯಲ್ಲಿ ರೇಟು ಕೇಳಿದ ಹಾಗೆ.

ಅದನ್ನೂ ತೆಗೆದೆ. ಜಾಗ ಸಾಲದೆ ಆಕೆಯ ಸೆರಗು
ಚೌಕದ ಗೆರೆ ದಾಟಿ ಪಾಲಿಸಿ ನಂಬರಿನ ಮೇಲೆ ಹೋಯಿತು.

ಸೋಲಾಪುರ ರಸ್ತೆಯ ಶೋರೂಮಿಗೆ ಸರ್ವೇಯರ್ ಹಂಚಿನಾಳ
ಮೂರನೆಯ ದಿನ ಬಂದ, ಊಟದ ಹೊತ್ತು ಮೀರಿದ ಮೇಲೆ.
ಬಂಪರಿಗೆ ಎಂಟು ಫೋಟೋ.
ಫಾರ್ಮ್ ತಿರುವಿದ. ತುಸು ಹೊತ್ತು ಮಾತಾಡಲಿಲ್ಲ.
'ಎರಡು ಡಬ್ಬಿ ತಗೀರಿ ಸರ, ಒಂದು ಬಾಣದ ಗುರ್ತು, ಸಾಕು.
ಕೋಳಿ ಯಾಕ ಬೇಕಾಗಿತ್ತು?'
ಹೊಸ ಫಾರ್ಮ್ ಕೊಟ್ಟ.
ಎರಡು ಡಬ್ಬಿ. ಒಂದು ಬಾಣ.
ಎಂಟನೇ ಇಯತ್ತೆಯ ಹುಡುಗ ತಂದಿದ್ದರೆ ಹತ್ತಕ್ಕೆ ಮೂರು ಕೊಡುತ್ತಿದ್ದೆ.
ಹಳೆಯದನ್ನು ಆತ ಮಡಚಿ ತನ್ನ ಅಂಗಿಯ ಜೇಬಿಗಿಟ್ಟುಕೊಂಡ.
ನೋಡಿದೆ, ಕೇಳಲಿಲ್ಲ.

ಪ್ಲಾಸ್ಟಿಕ್ ಸಾಮಾನಿಗೆ ಅರ್ಧ ಕಡಿತವಂತೆ.
ಇಪ್ಪತ್ತೆರಡು ದಿನದಲ್ಲಿ ಬಂಪರಿಗೆ ಅರ್ಧ ಮುಪ್ಪು!
'ಜೀರೋ ಡೆಪ್ ತಗೋಬೇಕಿತ್ರಿ' ಎಂದಳು ಕೌಂಟರಿನ ಹುಡುಗಿ.
ಅಂದು ಮೂರು ಸಾವಿರ ಉಳಿಸಿದ ಜಾಣತನಕ್ಕೆ
ಇಂದು ಹನ್ನೊಂದು ಸಾವಿರದ ನಾಲ್ಕುನೂರು.
ಡಿಕ್ಕಿಯ ಬಾಗಿಲು ಪುಣೆಯಿಂದ ಬರಬೇಕು.
ನಾಳೆ ಬಂತು, ಸೋಮವಾರ ಬಂತು,
ಬಾಗಿಲು ಬರಲಿಲ್ಲ.
ತಿಕೋಟಾ ಬಸ್ಸಿನಲ್ಲಿ ನಿಂತು ಹೋದೆ, ಕಾರಿನ ಕೀಲಿ ಜೇಬಿನಲ್ಲಿ.

ಹತ್ತೊಂಬತ್ತನೇ ದಿನ ಗಾಡಿ ಸಿಕ್ಕಿತು. ಬಿಸಿಲಿಗೆ ತಂದು ನೋಡಿದೆ:
ಕಾರಿನ ಬಿಳಿಯಲ್ಲಿ ಒಂದು ಹನಿ ಹಳದಿ,
ಬಂಪರಿನ ಬಿಳಿಯಲ್ಲಿ ಒಂದು ಹನಿ ನೀಲಿ.
'ನಿಮ್ಮ ಕಣ್ಣಿಗೇ ರೋಗ' ಎಂದಳು ಹೆಂಡತಿ.
ಪೇಂಟರ್ ಲಾಡ್ಲೆಸಾಬ ಮಾತ್ರ ಹತ್ತಿರ ಬಂದು
'ಗೊತ್ತಾತೇನ್ರಿ?' ಎಂದ, ದನಿ ತಗ್ಗಿಸಿ.
'ಸಾಹೇಬ್ರಿಗೆ ಹೇಳಬ್ಯಾಡ್ರಿ. ಬಿಳಿಗೆ ಬಿಳಿ ಕೂಡ್ಸೂದು ಭಾಳ ತ್ರಾಸ.'
ತ್ರಾಸವೇ. ಹೇಳಲಿಲ್ಲ.

ಒಂದು ಮಾತು ಉಳಿಯಿತು.
ಅವತ್ತು ಗಂಟಿನಲ್ಲೇ ಉಳಿದ ಚೂರನ್ನು, ಎರಡು ಚೀಲ, ನಾನೇ ಕೊಂಡೆ,
ಐನೂರಕ್ಕೆ. ಆಕೆ ಎಂಟುನೂರು ಹೇಳಿದ್ದಳು.
ಚೌಕಾಶಿ ಮಾಡಿದೆ, ಅದನ್ನೂ ಹೇಳಬೇಕು.
ಇನ್ನೂ ಮುಗಿದಿಲ್ಲ. ರಾತ್ರಿ ಮೊಸರಿನಲ್ಲಿ ನೆನೆಸಿ,
ಮೇಲೆ ಶೇಂಗಾ ಚಟ್ನಿ ಉದುರಿಸಿ ತಿನ್ನುತ್ತೇವೆ.
ಆಗಾಗ ಹಲ್ಲಿಗೆ ಸಿಗುತ್ತದೆ
ತೊರವಿ ರಸ್ತೆಯ ಒಂದು ಉಸುಕಿನ ಕಾಳು.